ಲಿಸ್ಬನ್ನಿನ ಗ್ಲೌಸು

ಕೆಳಗಿನ ಖಾನೆಯನ್ನೂ ಎಳೆದು, ಮಡಿಸಿಟ್ಟ ಸ್ವೆಟರುಗಳ ಅಡಿಗೆ ಕೈ ತೂರಿಸಿ ಇಳಾ ತಡಕಾಡಿದಳು. ಅಲ್ಲಿ ಏನೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸಿಕ್ತಾ?" ಬಾಗಿಲಲ್ಲಿ ನಿಂತಿದ್ದ ಪ್ರಭಾ ಆಂಟಿ ಕೇಳಿದರು.

"ನೋಡ್ತಾ ಇದೀನಿ ಆಂಟಿ."

"ಎಲ್ಲೋ ಭದ್ರವಾಗಿಟ್ಟಿರ್ತಾರೆ. ನಾನು ಬ್ಲೌಸ್ ಟ್ರಯಲ್‌ಗೆ ಬಂದಾಗೆಲ್ಲ ನಿಮ್ಮಮ್ಮಂದು ಅದೇ ಮಾತು. 'ನಮ್ಮ ಇಳಾ ಲಿಸ್ಬನ್ನಿನಾಗ ಕೈ ಅಳತಿ ಹಿಡಿಸಿ ಗ್ಲೌಸ್ ಕೊಡಿಸ್ಯಾಳ' ಅಂತ. ತೋರಿಸಿ ಅಂದ್ರೆ, 'ಹಾಕ್ಕೊಂಡ್ರ ಹಾಳಾಗ್ತಾವ' ಅನ್ನೋರು. ಇವತ್ತಾದ್ರೂ ಹಾಕ್ಕೊಳ್ಳಲಿ, ಪೆಟ್ಟಿಗೇಲಿ ಜೊತೆಗಿಡೋಣ."

ಇಳಾ ಇನ್ನೊಂದು ಖಾನೆ ಎಳೆದಳು. ಅಮ್ಮ ಹೀಗೆ ಹೇಳಿಕೊಂಡು ತಿರುಗಿದ್ದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ಬೇಸ್‌ಮೆಂಟಿನಲ್ಲಿ ಹೊಲಿಗೆ ಯಂತ್ರದ ಮುಂದೆಯೇ ಅಮ್ಮನ ಉಸಿರು ನಿಂತು ಮೂರು ದಿನವಾಗಿತ್ತು. ಕೇಳೋಣವೆಂದರೆ ಇನ್ನು ಯಾರನ್ನು ಕೇಳುವುದು?

"ಇಟಾಸ್ಕಾದ ಫ್ಯೂನರಲ್ ಹೋಮಿಗೆ ಹತ್ತೂವರಿಗೆ ಮುಟ್ಟಬೇಕು," ಕೆಳಗಿನಿಂದ ಅಪ್ಪ ಪಂಚಾಕ್ಷರಿ ಕೂಗಿದರು. "ನಡೀರಿ."

* * *

ಹೋದ ಮೇ ತಿಂಗಳಲ್ಲಿ, ಡಿಗ್ರಿ ಮುಗಿದ ಖುಷಿಗೆ, ಇಳಾ ಅಮ್ಮನನ್ನು ಲಿಸ್ಬನ್‌ಗೆ ಕರೆದುಕೊಂಡು ಹೋಗಿದ್ದಳು. ಹಳೇ ಪೇಟೆಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಅಂಗಡಿ. ಗುಂಡಿಗೇ ಒಂದು, ಮೇಣದ ಬತ್ತಿಗೇ ಒಂದು.

"ಥೇಟ್ ನಮ್ಮ ಗದಗಿನ ಪ್ಯಾಟಿ," ಎಂದು ಅಮ್ಮ ಹಿಗ್ಗಿದ್ದಳು.

ಗ್ಲೌಸಿನ ಅಂಗಡಿಯೊಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮುದುಕ ಅಂಗಡಿಯವನು ಕೌಂಟರಿನ ಮೇಲೆ ಪುಟ್ಟ ದಿಂಬಿಟ್ಟು, ಅದರ ಮೇಲೆ ಅಮ್ಮನ ಮೊಣಕೈ ಊರಿಸಿ, ಬೆರಳು ಸಲೀಸಾಗಿ ಇಳಿಯಲೆಂದು ಕೆಂಪು ಚರ್ಮದ ಗ್ಲೌಸಿನೊಳಗೆ ಬಿಳಿ ಪುಡಿ ಉದುರಿಸಿದ.

"ವಿಭೂತಿ ಹಚ್ಚತಾನೇನ?" ಅಮ್ಮ ನಕ್ಕಳು.

ಅವನು ಒಂದೊಂದೇ ಬೆರಳನ್ನು ತುದಿಯಿಂದ ಬುಡಕ್ಕೆ ನೀವಿ ಕೂರಿಸಿದ. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಊರವರ ಅಳತೆ ತೆಗೆದ ಕೈ ಅದು. ಅದರ ಅಳತೆಯನ್ನು ಯಾರೂ ತೆಗೆದಿರಲಿಲ್ಲ.

ಆಮೇಲೆ ಅವಳು ಗ್ಲೌಸನ್ನು ಬಿಚ್ಚಿ, ಒಳಹೊರಗು ಮಾಡಿ ಹೊಲಿಗೆ ನೋಡಿ, "ಕೈಹೊಲಿಗಿ, ಭಾಳ ಚಂದ," ಎಂದು ಮೆಚ್ಚಿ, ಬೆರಳೆತ್ತಿ ಅರ್ಧ ಬೆಲೆಗೆ ಕೇಳಿದಳು. ಅವನು ಬೆಲೆಯ ಚೀಟಿ ತೋರಿಸಿದ. ಅಮ್ಮ ಗ್ಲೌಸ್ ಕೆಳಗಿಟ್ಟು, ಬ್ಯಾಗು ಹೆಗಲಿಗೇರಿಸಿ ಹೊರನಡೆದಳು. ಇಳಾಳ ಕಿವಿ ಕೆಂಪಾಯಿತು.

"ನಿಲ್ಲು," ತಿರುವಿನಲ್ಲಿ ಅಮ್ಮ ಪಿಸುಗುಟ್ಟಿದಳು. "ಈಗ ಕರೀತಾನ ನೋಡು."

"ಅಮ್ಮಾ, ನೋಬಡಿ ಡಸ್ ದಟ್ ಹಿಯರ್."

"ಎಲ್ಲಾ ಊರಾಗೂ ಕರೀತಾರ. ಹತ್ತ ಹೆಜ್ಜಿ ಹೋಗಗೊಡಬೇಕ, ಅಷ್ಟ."

ಎರಡು ಟ್ರಾಮು ಹೋದವು. ಯಾರೂ ಕರೆಯಲಿಲ್ಲ.

"ನೀನರ ಹೋಗಿ ತಗೊಂಬಾರವ್ವ. ಅಂವ ಹೇಳಿದ ರೇಟಿಗೇ. ನಾ ಹ್ಯಾಂಗ ತಿರುಗಿ ಹೋಗ್ಲಿ?"

"ನಾನು ಹೋಗಲ್ಲ. ನಿನ್ ಜೊತೆ ಬಂದವಳು ಅಂತ ಅವನಿಗೆ ಗೊತ್ತು. ಇಟ್ಸ್ ಎಂಬ್ಯಾರಸಿಂಗ್."

ಅಮ್ಮ ಬ್ಯಾಗಿನ ಜಿಪ್ ಎಳೆದಳು.

"ಹೋಗ್ಲಿ ಬಿಡು. ನಮ್ಮ ಚಿಕಾಗೋ ಥಂಡಿಗೆ ಅವು ತಡೀತಿದ್ದಿಲ್ಲ."

* * *

ಇಟಾಸ್ಕಾದ ಫ್ಯೂನರಲ್ ಹೋಮಿನಲ್ಲಿ ಹೂವಿನ ವಾಸನೆಗಿಂತ ಕಾರ್ಪೆಟ್ಟಿನ ವಾಸನೆ ಜೋರಾಗಿತ್ತು. ಸಾಲು ಕುರ್ಚಿಗಳಲ್ಲಿ ಕುಳಿತ ಹೆಂಗಸರೆಲ್ಲ ಅಮ್ಮ ಹೊಲಿದ ಬ್ಲೌಸು ತೊಟ್ಟು ಬಂದಿದ್ದರು.

"ಸಿಗ್ಲೇ ಇಲ್ವಾ?" ಪ್ರಭಾ ಆಂಟಿ ಹತ್ತಿರ ಬಂದರು. "ನಮ್ಮ ಮಗ ಸ್ವರೂಪನ್ನ ನಿಮ್ಮನೆಗೆ ಕಳಿಸ್ಲಾ? ಆರೇ ಮೈಲಿ."

ಸಿಗಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಮ್ಮ ಕಟ್ಟಿದ ಮಾತೂ ಉಳಿಯುತ್ತಿತ್ತು, ತನ್ನ ಮಾನವೂ. ಇಳಾ ಪೆಟ್ಟಿಗೆಯತ್ತ ನೋಡಿದಳು.

"ಗ್ಲೌಸ್ ಇಲ್ಲ ಆಂಟಿ. ನಾನು ಕೊಡಿಸಲೇ ಇಲ್ಲ. ಅಮ್ಮ ಕೇಳಿದ್ಲು. ನಾಚಿಕೆ ಆಗಿ ನಾನು ಒಳಗೆ ಹೋಗ್ಲಿಲ್ಲ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಪ್ರಭಾ ಆಂಟಿ ತಮ್ಮ ತೋಳಿನ ಅಂಚನ್ನು ಸುಮ್ಮನೆ ಸವರಿಕೊಂಡರು. ಅಪ್ಪ ತಲೆಯೆತ್ತದೆ ವಿಭೂತಿಯ ಬಟ್ಟಲನ್ನು ಅವಳತ್ತ ಚಾಚಿದರು.

"ಎಡಗೈಗೆ ಹಚ್ಚು. ಆಮ್ಯಾಲೆ ಅಂಗೈಯಾಗ ಲಿಂಗ ಇಡೂಣ."

ಇಳಾ ತನ್ನ ಸ್ಕಾರ್ಫನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅಮ್ಮನ ಮೊಣಕೈಯಡಿ ಇಟ್ಟಳು. ಬಿಳಿ ಪುಡಿಯಲ್ಲಿ ಕೈ ಅದ್ದಿ, ಅಮ್ಮನ ಹೆಬ್ಬೆರಳಿನಿಂದ ಶುರುಮಾಡಿ, ತುದಿಯಿಂದ ಬುಡಕ್ಕೆ ಮೆಲ್ಲಗೆ ನೀವತೊಡಗಿದಳು. ಹಿಂದಿನಿಂದ ಯಾರೋ ಹೊತ್ತಾಯಿತೆಂದರು.

ಕಿರುಬೆರಳು ಇನ್ನೂ ಉಳಿದಿತ್ತು.