ಮೂರು ಮೆಚ್ಚುಗೆಗೆ ಒಂದು ಕವನ

ಆ ಹನಿಗವನ ಬಳಗದಲ್ಲಿ ಇದ್ದದ್ದು ಎರಡೇ ಕಟ್ಟಳೆ. ಫೋನಿನಲ್ಲಿ ನಿಮ್ಮ ಕವನ ಹಾಕುವ ಮುಂಚೆ ಬೇರೆಯವರ ಮೂರನ್ನು ಮೆಚ್ಚಬೇಕು; ಯಾರ ಹುಳುಕನ್ನೂ ಎತ್ತಿ ಆಡಬಾರದು. ಆಹಾ, ಎಂಥ ಒಗ್ಗಟ್ಟು! ಇನ್ನೂರು ಜನ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಹಾಯಾಗಿದ್ದರು.

ಟೇಲರಮ್ಮನಿಗೆ ಮಾತ್ರ ಅಷ್ಟು ಸಾಲದು. ಅವಳ ಸಾಲುಗಳನ್ನು ನಿಜವಾಗಿ ಓದುತ್ತಿದ್ದವಳು ಒಬ್ಬಳೇ, ಅಚ್ಚುಕೂಟದಲ್ಲಿ ಕರಡು ತಿದ್ದುವ ಅಕ್ಕ. ಬಳಗದಲ್ಲಿ ತೆಪ್ಪಗಿದ್ದು, ಆಮೇಲೆ ಫೋನ್ ಮಾಡಿ, "ಎರಡನೇ ಸಾಲು ಕಿತ್ತು ಬಿಸಾಕು, ಮೂರನೇದು ಚೆನ್ನಾಗಿದೆ ಕಣೇ" ಎನ್ನುವಳು. ಆ ಒಂದು ಫೋನಿಗಾಗಿ ಟೇಲರಮ್ಮ ವಾರವಿಡೀ ಕಾಯುತ್ತಿದ್ದಳು. ಒಡಹುಟ್ಟಿದವರೂ ಅವಳನ್ನು ಅಷ್ಟು ಲೆಕ್ಕಕ್ಕೆ ತೆಗೆದುಕೊಂಡವರಲ್ಲ.

ಅವತ್ತು ಕಾಲರ್ ಹೊಲಿಯುತ್ತಿದ್ದಾಗಲೇ ಕವನ ಹೊಳೆಯಿತು. ಗಿರಾಕಿ ಎದುರಿಗೇ ನಿಂತಿದ್ದಾಳೆ, ಇವಳಿಗೋ ಎಲ್ಲಿಲ್ಲದ ಆತುರ. ಮೇಲಿದ್ದ ಮೂರಕ್ಕೂ "ತುಂಬಾ ಸೊಗಸು, ಹೀಗೇ ಬರೀತಿರಿ" ಎಂದು ಒಂದೇ ಉಸಿರಿಗೆ ಒತ್ತಿ, ತನ್ನದನ್ನು ಹಾಕಿ ನಿರಾಳವಾದಳು.

ಮೂರು ದಿನವಾದರೂ ಅಕ್ಕನ ಫೋನಿಲ್ಲ. ಇವಳೇ ಮಾಡಿದಳು.

"ಏನಕ್ಕಾ, ನನ್ನ ಕವನ ನೋಡ್ಲೇ ಇಲ್ವಾ?"

"ನನ್ನದು ನೀನು ನೋಡಿದ್ಯಾ?"

"ಓ, ನೋಡಿದೆ! ಮೆಚ್ಚಿ ಬರೆದಿದ್ನಲ್ಲ!"

"ಯಾರಿಗೂ ಬಾಯಿಬಿಟ್ಟು ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ. ನಾಲ್ಕು ಸಾಲು ಹಾಕಿದ್ರೆ ನೀನು ಓದ್ತೀಯ, ಓಡಿ ಬರ್ತೀಯ ಅನ್ಕೊಂಡೆ. ಅವರನ್ನ ಎತ್ಕೊಂಡು ಹೋಗೋವರೆಗೂ ಬಾಗಿಲನ್ನೇ ನೋಡ್ತಾ ಕೂತಿದ್ದೆ."

ಟೇಲರಮ್ಮನಿಗೆ ಆಗ ನೆನಪಾಯಿತು. ಗಂಡನಿಗೆ ಹುಷಾರಿಲ್ಲವೆಂದು ಅಕ್ಕ ಹೋದ ಸಲವೇ ಹೇಳಿದ್ದಳು, ಇವಳು ಮರೆತೇಬಿಟ್ಟಿದ್ದಳು. ಫೋನನ್ನು ಕಿವಿಯಿಂದ ತೆಗೆದು ಹುಡುಕಿದಳು. ಸಿಕ್ಕಿತು.

ಆಸ್ಪತ್ರೆಯವರು ಪೊಟ್ಟಣ ಕಟ್ಟಿ
ಅವರ ಕನ್ನಡಕ ಕೊಟ್ಟರು.
ಒರೆಸಿ ಇಟ್ಟಿದ್ದೇನೆ.
ಇನ್ನು ಹಾಕಿಕೊಳ್ಳುವವರಿಲ್ಲ.

ಕೆಳಗೆ ನಲವತ್ತು ಚಪ್ಪಾಳೆ. ಮೊಟ್ಟಮೊದಲ ಮೆಚ್ಚುಗೆ ಇವಳದೇ. ಥೂ, ಇದೊಂದು ಬಳಗ! ನಲವತ್ತು ಜನರಲ್ಲಿ ಒಬ್ಬರೂ ಓದಿಲ್ಲ. ಅವರದು ಹಾಳಾಗಲಿ, ತಾನು ಓದಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕಾ, ತಪ್ಪಾಯ್ತು. ನಾನು ಓದಿರ್ಲಿಲ್ಲ. ಅಂಗಡಿ ಮುಚ್ಚಿ ಈಗ್ಲೇ ಬರ್ತೀನಿ."

"ಬೇಡ ಬಿಡು, ಯಾಕೆ ತೊಂದ್ರೆ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಕವನ ಚೆನ್ನಾಗಿದೆಯಮ್ಮಾ. ತಿದ್ದೋಕೆ ಏನೂ ಇಲ್ಲ."

ಹಾಗೆಂದು ಫೋನಿಟ್ಟಳು.