ಸೆರಗಿನೊಳಗಿನ ಕೈ

ಮತ್ತೆ ಅದೇ ವಾಸನೆ, ಬೆಂದ ರೇಷ್ಮೆಹುಳದ್ದು, ಬಾಗಿಲ ಚೌಕಟ್ಟಿಗೇ ಅಂಟಿಕೊಂಡಂತೆ, ಹೆಂಡತಿ ಸುಗುಣ ಫಿನಾಯಿಲ್ ಹಾಕಿ ತೊಳೆದಿದ್ದಾಳೆ, ಆದರೂ ಇದೆ, ಶಿಡ್ಲಘಟ್ಟದಲ್ಲಿ ದೇವರೂ ಇದನ್ನೇ ಉಸಿರಾಡಬೇಕು — ಭಾನುವಾರ, ಗಂಟೆ ಹೊಡೆದಾಯಿತು, ಪಾಸ್ಟರ್ ಆದ ನಾನು ಸಭೆಯ ಬಾಗಿಲಲ್ಲಿ ನಿಂತು ಒಳಗೆ ಬರುವ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಬೇಕು, ನನಗಿಂತ ಮುಂಚಿನವರು ಹಾಕಿಕೊಟ್ಟ ಪದ್ಧತಿ, ಈ ಕೇರಿಯ ತಲೆಗಳನ್ನು ಊರಲ್ಲಿ ಇನ್ಯಾರೂ ಮುಟ್ಟುವುದಿಲ್ಲ ಎಂದೇ ಹಾಕಿಕೊಟ್ಟದ್ದು — ಆದರೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೇನೆ, ಬಲಗೈ ಮಡಿಲಲ್ಲಿ ಬಿದ್ದಿದೆ, ಯಾರದೋ ಕೈಯಂತೆ, ಎತ್ತಲು ಹೋದರೆ ಭುಜದಿಂದ ಕಿವಿಯ ತನಕ ಬೆಂಕಿ. ಇವತ್ತು ಹೇಳಿಬಿಡಬೇಕು, ಪ್ರಸಂಗ ಮುಗಿದ ಮೇಲೆ, ನನ್ನ ಕೈಲಾಗದು, ಬೇರೆಯವರನ್ನು ಕರೆಸಿಕೊಳ್ಳಿ, ಸುಗುಣ ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಳೆ, ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬಾಗಿಲು ಬಡಿಯದ ಒಂದು ಊಟ ಈ ಮನೆಯಲ್ಲಿ ನಡೆದಿಲ್ಲ, ಅಯ್ಯಗಾರು, ಮಗು ಹಾಲು ಕುಡೀತಿಲ್ಲ ಬನ್ನಿ, ಅಯ್ಯಗಾರು, ನಮ್ಮೋನು ಕುಡ್ಕಂಡು ಟೇಷನ್ನಲ್ಲವ್ನೆ ಬಿಡಿಸ್ಕೊಡಿ, ಅಯ್ಯಗಾರು, ಎಮ್ಮೆ ಈಯಕ್ಕೆ ಒದ್ದಾಡ್ತೈತೆ, ಒಂದ್ ಪ್ರಾರ್ಥನೆ ಮಾಡಿ — ಎಮ್ಮೆಗೂ, ಹೌದು, ಎಮ್ಮೆಗೂ ಮಾಡಿದ್ದೇನೆ, ಮೇಲೂರಿಗೆ ಸೈಕಲ್ಲು, ದಿಬ್ಬೂರಹಳ್ಳಿಗೆ ಸೈಕಲ್ಲು, ಎಮ್ಮೆ ಈದು ಎದ್ದು ನಿಂತಿತು, ಕರುವಿಗೆ ನನ್ನ ಹೆಸರಿಟ್ಟರು, ಬಾರೋ ಪಾಸ್ಟರಪ್ಪ ಎಂದು ಹಗ್ಗ ಎಳೆಯುತ್ತಾರೆ. ಇಷ್ಟು ಸಣ್ಣ ಮನುಷ್ಯನ ಮೇಲೆ ಇಷ್ಟು ನಂಬಿಕೆ ಹೇಗೆ ಹೊರಿಸಿದರೋ. ಬರಬೇಡಿ ಅಂದದ್ದು ಒಂದೇ ಕಡೆಗೆ, ಸಭೆಯ ಹಿರಿಯ ಆವುಲಪ್ಪ ಮಗನ ಜಾತಿ ಸರ್ಟಿಫಿಕೇಟಿಗೆ ಹೊರಟ ದಿನ, ತಾಲ್ಲೂಕಾಫೀಸಿಗೆ ಮಾತ್ರ ನೀವು ಬ್ಯಾಡ ಅಯ್ಯಗಾರು, ನಿಮ್ ಬಿಳೀ ಜುಬ್ಬ ಕಂಡ್ರೆ ಕೊಟ್ಟಿರೋದ್ನೂ ಕಿತ್ಕಂತಾರೆ, ನಕ್ಕ, ನಾನೂ ನಕ್ಕೆ — ಬೌದ್ಧರಾದವರಿಗೆ ಆ ಸರ್ಟಿಫಿಕೇಟು ಕೊಡುತ್ತಾರಂತೆ, ಯೇಸುವನ್ನು ನಂಬಿದವರಿಗಿಲ್ಲ, ಶಿಲುಬೆ ಮುಟ್ಟಿದೊಡನೆ ಸರ್ಕಾರದ ಕಣ್ಣಲ್ಲಿ ಅಸ್ಪೃಶ್ಯತೆ ತೊಳೆದುಹೋಯಿತು, ಹಾಗಾದರೆ ನಿನ್ನೆ ಅಡ್ಡ ನಿಂತವರ ಕಣ್ಣಲ್ಲಿದ್ದದ್ದು ಏನು?

ನಿನ್ನೆ. ನಮ್ಮ ಸಭೆಯ ನಲ್ಲಪ್ಪನನ್ನು ಹೂಳಲು ಹೊರಟಿದ್ದೆವು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೋದರೆ ಸ್ಮಶಾನ ಕೂಗಳತೆ, ತೋಟದವರು ಕೋಲು ಹಿಡಿದು ನಿಂತರು, ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದವೆ, ಹೆಣದ್ ಗಾಳಿ ತಾಕಿದ್ರೆ ಬೆಳೆ ಹೋಯ್ತದೆ, ಸುತ್ತಾಕ್ಕಂಡ್ ಹೋಗ್ರಯ್ಯ — ತನಗೆ ಮೀಸೆ ಮೂಡುವ ಮುಂಚಿನಿಂದ ಅದೇ ಹುಳಕ್ಕೆ ಸೊಪ್ಪು ಕೊಯ್ದವನು ನಲ್ಲಪ್ಪ, ಆಗ ಅವನ ಗಾಳಿ ತಾಕಲಿಲ್ಲವೇ, ಕೈ ಬೇಕು ಮೈ ಬೇಡವೇ, ಗಂಟಲು ಹರಿಯುವಂತೆ ಕೂಗಿದೆ, ಒಂದು ಕೋಲೂ ಕೆಳಗಿಳಿಯಲಿಲ್ಲ. ಕೆರೆ ಏರಿ ಸುತ್ತಿಕೊಂಡು ಹೋದೆವು, ಚಟ್ಟದ ಮುಂದಿನ ಕೊನೆಗೆ ನಾನೇ ಬಲಭುಜ ಕೊಟ್ಟೆ, ಬಿದಿರು ಮೂಳೆಗಿಳಿಯಿತು, ಹಿಂದೆ ಅವನ ಹೆಂಡತಿ ಮುನಿಗಂಗಮ್ಮ, ಅಳಲಿಲ್ಲ, ದಾರಿಯುದ್ದಕ್ಕೂ ಹಾಡು ಬಿಡಲಿಲ್ಲ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡೇ — ಅವಳು ಯಾವಾಗಲೂ ಹಾಗೆಯೇ, ಕರ್ತನ ಭೋಜನದ ರೊಟ್ಟಿಯನ್ನೂ ಸೆರಗಿನ ಮೇಲೇ ಹಾಕಿಸಿಕೊಳ್ಳುತ್ತಾಳೆ, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರೆಲ್ಲ ಹಾಗೆಯೇ, ಕೂರುವುದೂ ಹಿಂದಿನ ಸಾಲಲ್ಲೇ, ಕೈ ಚಾಚಮ್ಮ ಅಂದರೆ, ವಾಸ್ನೆ ಬತ್ತದೆ ಅಯ್ಯಗಾರು, ದೇವ್ರಿಗ್ಯಾಕೆ. ಒಮ್ಮೆ ಮಾತ್ರ ಕಂಡಿದ್ದೆ, ಅವಳು ಕೆಲಸ ಮಾಡುವಲ್ಲಿಗೆ ಹೋದಾಗ, ಕುದಿನೀರಿನ ಬೋಗುಣಿಯಲ್ಲಿ ಗೂಡು ತಡಕಿ ಎಳೆ ಹುಡುಕುವ ಬೆರಳುಗಳು, ಬೆಳ್ಳಗೆ, ನೆನೆದು ಸುಕ್ಕಾಗಿ, ತುದಿಯಲ್ಲಿ ತೂತು ತೂತು, ಯಾರ ಮದುವೆಗೋ ಸೀರೆಯಾಗುವ ಎಳೆ ಆ ತೂತುಗಳನ್ನು ಉಜ್ಜಿಕೊಂಡೇ ಏಳುತ್ತಿತ್ತು — ಮಣ್ಣು ಮುಚ್ಚಿ ಬಂದಾಗ ನನ್ನೊಳಗೆ ಒಂದು ವಾಕ್ಯವೂ ಉಳಿದಿರಲಿಲ್ಲ, ಕೊಡ ಬೋರಲಾದಂತೆ.

ಈಗ ಸಭೆಯವರು ಬಂದರು. ಮೊದಲು ಆವುಲಪ್ಪ, ತಲೆ ಬಗ್ಗಿಸಿ ಕಾಯುತ್ತಾನೆ, ಇಡಿ ಅಯ್ಯಗಾರು, ನನ್ ತಲೇಲಿ ಹೇನಿಲ್ಲ, ಹಿಂದೆ ಯಾರೋ ಕಿಸಕ್ಕೆಂದರು, ಕೈ ಏಳುತ್ತಿಲ್ಲ, ಏಳು, ಏಳುತ್ತಿಲ್ಲ, ಅವನು ತಲೆಯೆತ್ತಿ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ, ನಗು ನಿಂತಿತು, ಸಾಲು ನಿಂತಿತು, ಈಗಲೇ ಹೇಳಿಬಿಡಲೇ, ಹೋಗುತ್ತೇನೆ ಎಂದು, ಬಾಯಿ ತೆರೆದೆ — ಸಾಲಿನ ಕೊನೆಯಿಂದ ಮುನಿಗಂಗಮ್ಮ ನಡೆದು ಬರುತ್ತಿದ್ದಾಳೆ, ನಿನ್ನೆ ಗಂಡನನ್ನು ಹೂತವಳು, ಕೆರೆ ಏರಿಯ ಮಣ್ಣು ಇನ್ನೂ ಕಾಲಲ್ಲಿದೆ, ಎಲ್ರ ತಲೆ ಮುಟ್ತೀಯಲ್ಲ ನಾಯನಾ, ನಿನ್ ತಲೆ ಮುಟ್ಟೋರ್ಯಾರು, ಎಂದೂ ನೀವು ಬಿಟ್ಟು ಮಾತಾಡದವಳು ನೀನು ಎನ್ನುತ್ತಿದ್ದಾಳೆ, ಸೆರಗು ಸಡಿಲವಾಗುತ್ತಿದೆ, ಎಲ್ಲರ ಮುಂದೆ, ಬೆಳಕಿನಲ್ಲಿ, ಕೈ ಹೊರಗೆ ಬಂತು — ಒದ್ದೆ, ಬಿಸಿ, ನನ್ನ ತಲೆಯ ಮೇಲೆ ಕೂತಿತು, ಸ್ವಾಮೀ, ಈ ಮಗೀನ ಭುಜ ನೋಡ್ಕಪ್ಪ, ನಮ್ಮೋರನ್ನ ಹೊತ್ತೈತೆ, ಅಷ್ಟೇ ಪ್ರಾರ್ಥನೆ, ಆಮೆನ್ ಎನ್ನಲೂ ಮರೆತಳು, ವಾಸನೆ ನನ್ನ ಕೂದಲಿಗೆ ಇಳಿಯುತ್ತಿದೆ, ಇಳಿಯಲಿ, ಯೇಸುವಿನ ಗಾಯದ ಕೈಗಳ ಮೇಲೆ ಎಷ್ಟು ಪ್ರಸಂಗ ಮಾಡಿದ್ದೆ, ಎಷ್ಟು ಈಸ್ಟರು, ಮುಟ್ಟಿಸಿಕೊಂಡಿರಲಿಲ್ಲ, ಆವುಲಪ್ಪನೂ ಕೈ ಚಾಚುತ್ತಿದ್ದಾನೆ, ಸಾಲು ಮತ್ತೆ ಸರಿಯುತ್ತಿದೆ, ನನ್ನ ಕಡೆಗೆ, ಏನೋ ಹೇಳಬೇಕಿತ್ತಲ್ಲ ನಾನು, ಹೋಗುತ್ತೇನೆಂದೋ ಏನೋ, ಟ್ರಂಕು, ಏನದು, ಬೆರಳುಗಳು, ಬೆಳ್ಳಗೆ, ನೆನೆದು ಸುಕ್ಕಾಗಿ, ತುದಿಯಲ್ಲಿ ತೂತು, ತೂತು