ಹತ್ತರ ಲೆಕ್ಕ

ಮೂಡಬಿದಿರೆಯ ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ರವಿಶಂಕರ್ ಸರ್ ತೃಪ್ತಿಯ ಉತ್ತರಪತ್ರಿಕೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದ್ದರು. ಬ್ರೇಕ್ ಹಾಕಿದ ಬಸ್ಸು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬ ಲೆಕ್ಕಕ್ಕೆ ಅವಳು ಬರೆದದ್ದು ಬರೀ ಐವತ್ತು.

"ಐವತ್ತು ಏನು? ಐವತ್ತು ಬೂತಾಯಿ ಮೀನಾ?"

ತರಗತಿ ನಕ್ಕಿತು. ನಗದಿದ್ದರೆ ಮುಂದಿನ ಸರದಿ ತಮ್ಮದೆಂದು ಎಲ್ಲರಿಗೂ ಗೊತ್ತಿತ್ತು. ಸೂತ್ರ ಸರಿ, ಗುಣಾಕಾರ ಸರಿ, ಐವತ್ತೂ ಸರಿ. ಮುಂದೆ 'ಮೀಟರ್' ಇಲ್ಲದ ಒಂದೇ ಕಾರಣಕ್ಕೆ ಈ ಮಹಾಶಯರು ಸೊನ್ನೆ ಸುತ್ತಿದ್ದರು. ಇದು ನಾಲ್ಕನೆಯ ಟೆಸ್ಟು, ನಾಲ್ಕನೆಯ ಸೊನ್ನೆ. ಸೈನ್ಸ್ ಬಿಟ್ಟು ಕಾಮರ್ಸಿಗೆ ಹೋಗುತ್ತೇನೆಂದು ತಾವೇ ಅವಳ ಹೆಸರಲ್ಲಿ ಬರೆದಿಟ್ಟ ಅರ್ಜಿಗೆ ಅಪ್ಪನ ಸಹಿ ಬೇಕು, ನಾಳೆ ಕರೆದುಕೊಂಡು ಬಾ ಎಂದರು. ನರ್ಸಿಂಗ್ ಓದಬೇಕೆಂದಿದ್ದ ತೃಪ್ತಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಯೂನಿಟ್ ಬರೆಯುವುದು ಅವಳಿಗೆ ನಿಜಕ್ಕೂ ಮರೆತುಹೋಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅಂಕಿಯನ್ನಷ್ಟೇ ಹೇಳುವುದು, ಉಳಿದದ್ದು ಕೇಳುವವರಿಗೆ ಗೊತ್ತಿರುತ್ತದೆ.

ಮರುದಿನ ತೃಪ್ತಿಯ ಜೊತೆ ಅವಳ ಅಪ್ಪ ತುಕ್ರಪ್ಪ ಸ್ಟಾಫ್ ರೂಮಿಗೆ ಬಂದ. ಬೆಳ್ತಂಗಡಿ ಕಡೆಯ ಬಾವಿ ತೋಡುವ ಮೇಸ್ತ್ರಿ. ಒಗೆದ ಅಂಗಿ ಹಾಕಿದ್ದರೂ ಉಗುರಿನ ಸಂದಿಯ ಕೆಂಪು ಮಣ್ಣು ಹೋಗಿರಲಿಲ್ಲ. ಸರ್ ಕೂತುಕೊಳ್ಳಿ ಎನ್ನಲಿಲ್ಲ. ಕುರ್ಚಿ ಖಾಲಿ ಇತ್ತು.

"ಏನು ಕೆಲಸ ನಿಮ್ಮದು?"

"ಬಾವಿ ತೋಡುವುದು ಸರ್. ಈಗ ವೇಣೂರಿನಲ್ಲಿ ಒಂದು ಉಂಟು."

"ಎಷ್ಟು ಆಳ?"

"ನೀರಿನವರೆಗೆ ಹತ್ತು."

ಸರ್ ಮುಖ ಅರಳಿತು. ಮಗಳ ದಡ್ಡತನವನ್ನು ಅಪ್ಪನ ಬಾವಿಯಲ್ಲೇ ತೋರಿಸುವ ಅವಕಾಶ ಯಾವ ಮೇಷ್ಟರಿಗೆ ದಿನಾ ಸಿಗುತ್ತದೆ? "ತೃಪ್ತಿ, ನಿನ್ನ ಅಪ್ಪ ತೋಡಿದ ಬಾವಿ. ಮೇಲಿನಿಂದ ಕಲ್ಲು ಬಿಟ್ಟರೆ ನೀರಿಗೆ ಬೀಳಲು ಎಷ್ಟು ಹೊತ್ತು ಬೇಕು? ಸರಿ ಬಂದರೆ ಸೈನ್ಸಿನಲ್ಲಿ ಇರು. ಇಲ್ಲದಿದ್ದರೆ ಸಹಿ."

ತೃಪ್ತಿ ಒಂದು ಹಾಳೆ ತೆಗೆದು ಬರೆದಳು. ಈ ಸಲ ಪ್ರತಿ ಸಾಲಿನಲ್ಲೂ ಯೂನಿಟ್ ಹಾಕಿದಳು. ಕೊನೆಯಲ್ಲಿ ೧.೨ ಸೆಕೆಂಡ್ ಎಂದಿತ್ತು.

ಸರ್ ಕೊನೆಯ ಸಾಲನ್ನಷ್ಟೇ ನೋಡಿ ನಕ್ಕರು. "ತಪ್ಪು. ಒಂದು ಪಾಯಿಂಟ್ ನಾಲ್ಕು ಬರಬೇಕು, ನಾನು ಬಾಯಲ್ಲೇ ಮಾಡ್ತೇನೆ. ಸಹಿ ಹಾಕಿ."

ತುಕ್ರಪ್ಪ ಪೆನ್ನು ತೆಗೆದುಕೊಂಡ.

"ಸರ್, ಮೊದಲನೇ ಸಾಲು ನೋಡಿ," ಎಂದಳು ತೃಪ್ತಿ. ಅಲ್ಲಿ ದುಂಡಗೆ ಬರೆದಿತ್ತು: ಆಳ ಹತ್ತು ಕೋಲು. ಒಂದು ಕೋಲಿಗೆ ಎಪ್ಪತ್ತು ಸೆಂಟಿಮೀಟರ್. ಒಟ್ಟು ಏಳು ಮೀಟರ್.

"ಬಾವಿಯನ್ನು ನಾವು ಕೋಲಿನಲ್ಲೇ ಅಳೆಯುವುದು ಸರ್," ಎಂದಳು.

ಸರ್ ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ಕೋಲು ಸಿಲೆಬಸ್ಸಿನಲ್ಲಿ ಇಲ್ಲ," ಎಂದರು. ಇಪ್ಪತ್ತೆರಡು ವರ್ಷ ಸರ್ವಿಸ್ ಆದವರಿಗೆ ಆ ಹೊತ್ತಿಗೆ ಹೊಳೆದದ್ದು ಇಷ್ಟೇ.

ತುಕ್ರಪ್ಪ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಮನೆಮಾತು ತುಳುವಾದ ಅವನ ಕನ್ನಡ ನಿಧಾನ.

"ನೀವು ಎಷ್ಟು ಅಂತ ಕೇಳಿದಿರಿ, ನಾನು ಹತ್ತು ಅಂದೆ. ಏನು ಹತ್ತು ಅಂತ ನೀವು ಕೇಳಲಿಲ್ಲ. ಹಾಗೆ ಕೇಳದವನನ್ನು ನಾವು ಬಾವಿಗೆ ಇಳಿಸುವುದಿಲ್ಲ ಸರ್. ಹತ್ತು ಅಡಿ ಅಂತ ಎಣಿಸಿ ಅಷ್ಟೇ ಹಗ್ಗ ತರ್ತಾನೆ, ಮತ್ತೆ ನಡುವಿನಲ್ಲಿ ನೇತಾಡ್ತಾನೆ."

ಪಕ್ಕದ ಮೇಜಿನ ಕೆಮಿಸ್ಟ್ರಿ ಮೇಡಂ ಅಮ್ಮಣಿ ತಮ್ಮ ಪುಸ್ತಕದೊಳಗೆ ಮುಖ ಅಡಗಿಸಿದರು. ಅವರ ಭುಜ ಕುಣಿಯುತ್ತಿತ್ತು.

ರವಿಶಂಕರ್ ಸರ್ ಅರ್ಜಿಯನ್ನು ಎಳೆದು ಡ್ರಾಯರಿಗೆ ತುರುಕಿದರು. "ಕ್ಲಾಸಿಗೆ ಹೋಗು," ಎಂದರು, ಅವಳ ಮುಖ ನೋಡದೆ.

ತೃಪ್ತಿ ಹೋಗಲಿಲ್ಲ. ಲೆಕ್ಕದ ಹಾಳೆಯನ್ನು ಅವರ ಮುಂದಕ್ಕೆ ಸರಿಸಿ, ಅವರು ಕೆಂಪು ಪೆನ್ನು ಎತ್ತಿ ಸರಿ ಗುರುತು ಹಾಕುವವರೆಗೂ ಅಲ್ಲೇ ನಿಂತಳು.